ಸ್ಟೇನ್‌ಲೆಸ್ ಸ್ಟೀಲ್ ಮಿಲ್ಲಿಂಗ್: ಇನ್ಸರ್ಟಿನ ಲೇಪನ ಹೇಗೆ ಹೋಗುತ್ತದೆ

ಮೈಲ್ಡ್ ಸ್ಟೀಲಿನ ಮೇಲೆ ಕೈ ಪಳಗಿಸಿಕೊಂಡು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಬರುವವರು, ಇನ್ಸರ್ಟಿನ, ಅಂದರೆ ತಿರುಗುವ ಮಿಲ್ಲಿಂಗ್ ಕಟರಿಗೆ ಹಲ್ಲಾಗಿ ಕೂರಿಸುವ ಕಾರ್ಬೈಡ್ ತುಂಡಿನ, ಲೇಪನ ತಿಕ್ಕಾಟದಿಂದ ನಿಧಾನವಾಗಿ ತೆಳುವಾಗುತ್ತದೆ ಎಂದು ಭಾವಿಸಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಈ ಲೋಹದಲ್ಲಿ ಲೇಪನ ಬಹಳ ಸಲ ಚಕ್ಕೆಚಕ್ಕೆಯಾಗಿ ಕಿತ್ತು ಹೋಗುತ್ತದೆ.

ಕಾರಣ ಲೋಹದ ಗುಣದಲ್ಲಿದೆ. ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕಲ್ ಇರುವ ಈ ಸ್ಟೀಲಿನ ಉಷ್ಣವಾಹಕತೆ ಸಾಧಾರಣ ಕಾರ್ಬನ್ ಸ್ಟೀಲಿನ ಮೂರನೆಯ ಒಂದು ಭಾಗದಷ್ಟೇ ಇರುವುದರಿಂದ, ಕತ್ತರಿಸುವಾಗ ಹುಟ್ಟುವ ಬಿಸಿ ಜಾಬಿನೊಳಕ್ಕೆ (ಕತ್ತರಿಸುತ್ತಿರುವ ಲೋಹದ ತುಂಡಿನೊಳಕ್ಕೆ) ಹರಡದೆ ಹಲ್ಲಿನ ಅಂಚಿನಲ್ಲೇ ಉಳಿಯುತ್ತದೆ. ಜೊತೆಗೆ ಲೋಹ ಜಿಗುಟು. ರಾಗಿ ಮುದ್ದೆ ತೊಳಸುವ ಕೋಲಿಗೆ ಹಿಟ್ಟು ಮೆತ್ತಿಕೊಳ್ಳುವಂತೆ, ಒತ್ತಡ ಮತ್ತು ಬಿಸಿಗೆ ಸಿಕ್ಕ ಲೋಹ ಅಂಚಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಮಿಲ್ಲಿಂಗ್‌ನಲ್ಲಿ ಪ್ರತಿ ಹಲ್ಲೂ ಸುತ್ತಿಗೊಮ್ಮೆ ಜಾಬಿನಿಂದ ಹೊರಬಂದು ಮತ್ತೆ ಒಳಹೊಗುವುದರಿಂದ ಆ ಮೆತ್ತು ಆಗಾಗ ಕಿತ್ತುಬರುತ್ತದೆ, ಬರುವಾಗ ಕೆಳಗಿನ ಲೇಪನವನ್ನೂ ಎಳೆದುಕೊಂಡು ಬರುತ್ತದೆ.

ತುಮಕೂರಿನ ವಸಂತನರಸಾಪುರದ ಶೆಡ್ಡೊಂದರಲ್ಲಿ, ಹಾಲಿನ ಡೇರಿಗೆಂದು ಮಾಡುತ್ತಿದ್ದ 304 ಫ್ಲ್ಯಾಂಜ್‌ಗಳ ನಡುವೆ ಒಂದು ಇನ್ಸರ್ಟನ್ನು ಬಿಚ್ಚಿ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದೆ. ನೇರಳೆ ಛಾಯೆಯ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪನದ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಮೆತ್ತು ಇತ್ತು, ಅದರ ಪಕ್ಕದಲ್ಲೇ ಬೂದುಬಣ್ಣದ ಬರಿ ಕಾರ್ಬೈಡ್ ಕಾಣುತ್ತಿತ್ತು. ಪಾರ್ಶ್ವದ ಸವೆತ, ಅಂದರೆ ಜಾಬಿಗೆ ಉಜ್ಜುವ ಹಲ್ಲಿನ ಬದಿಯಲ್ಲಿ ಸವೆದ ಪಟ್ಟಿಯ ಅಗಲ ಮಾತ್ರ, ಸಾಮಾನ್ಯವಾಗಿ ಮಿತಿಯೆಂದು ಹಿಡಿಯುವ 0.3 ಮಿಲಿಮೀಟರಿನ ಅರ್ಧಕ್ಕೂ ಬಂದಿರಲಿಲ್ಲ. ಸವೆತದ ಅಗಲ ಒಂದನ್ನೇ ಅಳೆದಿದ್ದರೆ ಇನ್ನೂ ಬಹಳ ಜಾಬ್ ಆಗುತ್ತದೆಂದು ಬರೆದಿಡುತ್ತಿದ್ದೆ.

ಇನ್ನೊಂದು ಗುರುತು, ಕಡಿತದ ಆಳ ಮುಗಿಯುವ ಗೆರೆಯಲ್ಲಿ ಹಲ್ಲಿಗೆ ಬೀಳುವ ಕಚ್ಚು. ಹಿಂದಿನ ಪಾಸಿನಲ್ಲಿ (ಕಟರ್ ಜಾಬಿನ ಮೇಲೆ ಒಮ್ಮೆ ಹಾಯುವುದು ಒಂದು ಪಾಸ್) ಜಾಬಿನ ಮೇಲ್ಪದರ ಗಡುಸಾಗಿರುತ್ತದೆ, ಹಲ್ಲು ಪ್ರತಿ ಸಲ ಅದೇ ಜಾಗದಲ್ಲಿ ಅದನ್ನು ಹಾಯುತ್ತದೆ. ಪಾಸಿನಿಂದ ಪಾಸಿಗೆ ಆಳವನ್ನು ಸ್ವಲ್ಪ ಬದಲಿಸಿದರೆ ಈ ಏಟು ಒಂದೇ ಕಡೆ ಬೀಳುವುದಿಲ್ಲ. ಹಲ್ಲಿಗೆ ಕೊಡುವ ಫೀಡನ್ನು, ಅಂದರೆ ಒಂದೊಂದು ಹಲ್ಲಿಗೂ ಜಾಬ್ ಮುಂದೆ ಸರಿಯುವ ದೂರವನ್ನು, ಹೆದರಿ ಇಳಿಸುವುದು ಇಲ್ಲಿ ತಪ್ಪು. ಚಿಪ್ಪಿನ, ಅಂದರೆ ಕತ್ತರಿಸಿ ಬರುವ ಲೋಹದ ಚೂರಿನ, ದಪ್ಪ ಅಂಚಿನ ದುಂಡಿಗಿಂತ ಕಡಿಮೆಯಾದರೆ ಹಲ್ಲು ಕತ್ತರಿಸದೆ ಉಜ್ಜುತ್ತದೆ, ಉಜ್ಜಿದಷ್ಟೂ ಮೇಲ್ಮೈ ಇನ್ನಷ್ಟು ಗಡುಸಾಗುತ್ತದೆ.

ಲೇಪನದ ಆಯ್ಕೆಯಲ್ಲಿ, ಮಿಲ್ಲಿಂಗ್‌ಗೆ ಸಾಮಾನ್ಯವಾಗಿ ಪಿವಿಡಿ (ನಿರ್ವಾತದಲ್ಲಿ ಲೋಹದ ಆವಿಯಿಂದ ಕೂರಿಸುವ ಲೇಪನ) ವಾಸಿ. ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ಕೂರಿಸುವ, ಕೆಲವೇ ಮೈಕ್ರಾನ್ ದಪ್ಪದ ಈ ಪದರದೊಳಗೆ ಒತ್ತುವ ಬಗೆಯ ಬಿಗಿತವಿರುವುದರಿಂದ ಬಿರುಕು ಬೇಗ ಹರಡುವುದಿಲ್ಲ, ಅಂಚನ್ನೂ ಚೂಪಾಗಿ ಉಳಿಸಬಹುದು. ಸುಮಾರು 1000 ಡಿಗ್ರಿಯಲ್ಲಿ ಬೆಳೆಸುವ ಸಿವಿಡಿ (ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಕೂರುವ) ಪದರ ದಪ್ಪ. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತಣಿದಾಗ ಅದರಲ್ಲಿ ಎಳೆಯುವ ಬಿಗಿತ ಉಳಿಯುತ್ತದೆ.

ಕೂಲೆಂಟ್ ವಿಷಯದಲ್ಲಿ ನಾನೇ ಒಂದು ಅಂಚನ್ನು ಹಾಳು ಮಾಡಿದ್ದೇನೆ. ಪಾಸಿನ ನಡುವೆ ಕೊಳಾಯಿ ತಿರುಗಿಸಿದೆ. ಕಾದಿದ್ದ ಹಲ್ಲಿಗೆ ತಣ್ಣನೆಯ ದ್ರವ ಬಿಟ್ಟುಬಿಟ್ಟು ಬಿದ್ದು, ಅಂಚಿಗೆ ಅಡ್ಡಲಾಗಿ ಬಾಚಣಿಗೆಯ ಹಲ್ಲಿನಂತೆ ಸಣ್ಣ ಬಿರುಕುಗಳು ಎದ್ದವು. ಕೊಡುವುದಾದರೆ ಮೊದಲಿನಿಂದಲೇ ಧಾರಾಳವಾಗಿ ಕೊಡಬೇಕು, ಇಲ್ಲವೇ ಕೂಲೆಂಟ್ ಇಲ್ಲದೆ ಒಣದಾಗಿಯೇ ಹೊಡೆಯಬೇಕು. ಈಗ ಹೊಸ ಅಂಚು ಹಾಕಿದಾಗ ಮೊದಲ ಜಾಬ್ ಮುಗಿಯುತ್ತಿದ್ದಂತೆಯೇ ಇನ್ಸರ್ಟ್ ಬಿಚ್ಚಿ, ಮೆತ್ತು ಎಲ್ಲಿ ಕೂತಿದೆ ಎಂಬುದನ್ನು ಚಿತ್ರ ಬರೆದು ಗುರುತಿಸುತ್ತೇನೆ, ಅಳತೆ ಆಮೇಲೆ.