ಮಸೀದಿಯಲ್ಲಿ ಅಂಚೆ ಕಚೇರಿ, ಗುಮ್ಮಟದಲ್ಲಿ ಎಂಜಿನಿಯರ್ ಮನೆ: ವಿಜಯಪುರದಲ್ಲಿ ಹಳೆ ಕಟ್ಟಡಗಳ ಮರುಬಳಕೆ

ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಗದಗ–ಹೊಟಗಿ ರೈಲು ಮಾರ್ಗ ಊರನ್ನು ಮುಟ್ಟಿತ್ತು. 1876–78ರ ಬರಕ್ಕೆ ನಲುಗಿದ್ದ ಊರು, ಸುತ್ತಲೂ ಖಾಲಿ ಬಿದ್ದ ಆದಿಲ್‌ಶಾಹಿ ಕಟ್ಟಡಗಳು. ಹೊಸ ಕಚೇರಿ ಕಟ್ಟುವುದಕ್ಕಿಂತ ಇದ್ದುದನ್ನು ಸರಿಮಾಡಿಕೊಳ್ಳುವುದೇ ಅಗ್ಗವೆಂದು ಬ್ರಿಟಿಷ್ ಅಧಿಕಾರಿಗಳಿಗೆ ಕಂಡಿತು.

ಹಾಗಾಗಿ ಚೀನಿ ಮಹಲು ಕಚೇರಿಯಾಯಿತು, ಅದಾಲತ್ ಮಹಲು ಕಲೆಕ್ಟರರ ನಿವಾಸವಾಯಿತು. ಬುಖಾರಿ ಮಸೀದಿಗೆ ಅಂಚೆ ಕಚೇರಿ ಬಂತು, ಗೋಲಗುಮ್ಮಟದ ಮಸೀದಿ ಪ್ರವಾಸಿ ಬಂಗಲೆಯಾಯಿತು. ಜೋಡ ಗುಮ್ಮಟದ ಒಂದು ಗೋರಿಯಲ್ಲಂತೂ ಕಾರ್ಯಪಾಲಕ ಎಂಜಿನಿಯರರ ಸಂಸಾರ! ಇದರಲ್ಲಿ ಪಾರಂಪರಿಕ ಪ್ರಜ್ಞೆ ಏನೂ ಇರಲಿಲ್ಲ, ಬರೀ ಮಿತವ್ಯಯ. ಆದರೂ ಜನ ವಾಸವಿದ್ದಲ್ಲಿ ಯಾರಾದರೂ ಸೋರಿಕೆ ನೋಡುತ್ತಾರೆ, ಗೋಡೆಯಲ್ಲಿ ಮೊಳೆತ ಅರಳಿ ಸಸಿ ಕೀಳುತ್ತಾರೆ. ಕೆಡುಕಾದದ್ದು ಬಳಕೆಯಿಂದಲ್ಲ, ಬಳಕೆಗಾಗಿ ಕಮಾನು ಮುಚ್ಚಿ ಗೋಡೆ ಕಟ್ಟಿದ್ದರಿಂದ, ಕಲ್ಲು ಒಡೆದು ಬಾಗಿಲು ಕೂರಿಸಿದ್ದರಿಂದ. 1892ರಲ್ಲಿ ಗೋಲಗುಮ್ಮಟದ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ತೆರೆದ ವಸ್ತುಸಂಗ್ರಹಾಲಯ ಇವತ್ತಿಗೂ ಅಲ್ಲೇ ಇದೆ. ಕಟ್ಟಡದ ಗುಣಕ್ಕೆ ಕೆಲಸ ಹೊಂದಿಕೊಂಡದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಲ್ಲಿ ಸಿಗುವುದಿಲ್ಲ.

ಮಸೀದಿಗಳಿಂದ ಬಂಗಲೆ, ಅಂಚೆ ಕಚೇರಿಗಳನ್ನು ಎಬ್ಬಿಸಿದವನು ವೈಸರಾಯ್ ಕರ್ಜನ್. ಅವನ ಕಾಲದ 1904ರ ಸ್ಮಾರಕ ಕಾಯ್ದೆ, ಆಮೇಲೆ 1958ರ ಕಾಯ್ದೆ ಸ್ಮಾರಕಗಳನ್ನು ಉಳಿಸಿದವು, ಜತೆಗೆ ಖಾಲಿಯನ್ನೂ ಮಾಡಿದವು. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೂ ಮುಂಚಿನ ಮನೆಯಾಗಿದ್ದರೆ ಅನುಮತಿ ಪಡೆದು ದುರಸ್ತಿ ಮಾಡಬಹುದು.

ಹೀಗಾಗಿ ಮರುಬಳಕೆಯ ಪ್ರಶ್ನೆ ಈಗ ಉಳಿದಿರುವುದು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದ ಹಳೆ ವಾಡೆ (ದೊಡ್ಡ ಮನೆ), ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳ ಮಟ್ಟಿಗೆ. ಗ್ರಂಥಾಲಯವಾಗಲಿ ಖಾನಾವಳಿಯಾಗಲಿ, ಮೊದಲು ನೋಡಬೇಕಾದದ್ದು ಮಾಳಿಗೆ, ಅಂದರೆ ತೊಲೆಗಳ ಮೇಲೆ ಮಣ್ಣು ಹೊದೆಸಿದ ಚಪ್ಪಟೆ ಛಾವಣಿ. ಸೋರಿದಾಗಲೆಲ್ಲ ಮೇಲೆ ಮಣ್ಣು ಹಾಕುತ್ತ ಹೋಗಿ ಒಂದಡಿ ದಪ್ಪವಾಗಿದ್ದರೆ, ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೊ ಭಾರ. ತೊಲೆಯ ನಡುಭಾಗ ಗಟ್ಟಿಯಾಗಿ ಕಂಡರೆ ಸಾಲದು. ಗೋಡೆಯೊಳಗೆ ಹುದುಗಿದ ತುದಿಗೆ ತೇವ ತಗಲುತ್ತದೆ, ಗೆದ್ದಲು ಅಲ್ಲಿಂದಲೇ ಶುರು. ಉಳಿಯಿಂದ ಚುಚ್ಚಿದಾಗ ಸಲೀಸಾಗಿ ಇಳಿದರೆ ತುದಿ ಟೊಳ್ಳಾಗಿದೆ ಎಂದರ್ಥ. ಮಣ್ಣು ಇಳಿಸುವ ಮುಂಚೆ ಕೆಳಗಿನಿಂದ ಆಸರೆ ಕೊಡಲೇಬೇಕು, ಒಂದೇ ಬದಿಯಿಂದ ತೆಗೆಯುತ್ತ ಹೋಗಬಾರದು.

ಎರಡನೆಯದು ಗಚ್ಚು, ಅಂದರೆ ಸುಣ್ಣದ ಗಾರೆ. ಹಳೆ ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಕಲ್ಲುಗಳ ನಡುವಿನ ಸಂದಿಗಳ ಮೂಲಕ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ದಾರಿ ಕಟ್ಟಿ ತೇವ ಮೇಲೇರುತ್ತದೆ, ಇಲ್ಲವೇ ಕಲ್ಲಿನ ಮೂಲಕವೇ ಹೊರಬರುತ್ತದೆ. ಅದರೊಂದಿಗೆ ಬಂದ ಉಪ್ಪು ಹರಳುಗಟ್ಟಿ ಕಲ್ಲಿನ ಮುಖ ಹಪ್ಪಳದಂತೆ ಏಳುತ್ತದೆ. ಒಂದೆರಡು ಮಳೆಗಾಲದಲ್ಲೇ ಬಣ್ಣ ಉದುರತೊಡಗಿದಾಗ ಎಲ್ಲರೂ ಬೈಯುವುದು ಬಣ್ಣದವನನ್ನು! ಸುಟ್ಟ ಸುಣ್ಣವನ್ನು ಕನಿಷ್ಠ ಎರಡು ಮೂರು ವಾರ ನೀರಲ್ಲಿ ನೆನೆಹಾಕಿ, ಸೋಸಿ, ಒಂದು ಪಾಲಿಗೆ ಮೂರು ಪಾಲು ಉಸುಕು ಬೆರೆಸಿ ತೆಳುವಾಗಿ ಪದರ ಪದರವಾಗಿ ಹಚ್ಚಬೇಕು. ಏಪ್ರಿಲ್–ಮೇ ಬಿಸಿಲಲ್ಲಿ ಈ ಕೆಲಸ ಬೇಡ. ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಸೀಳುತ್ತದೆ. ಬೇರೆ ದಿನಗಳಲ್ಲೂ ಒದ್ದೆ ಗೋಣಿಚೀಲ ಇಳಿಬಿಡುವುದು ತಪ್ಪದು.

ವೈರಿಂಗಿಗೆ ಗೋಡೆ ಕೊರೆಯದೆ ಪೈಪನ್ನು ಮೇಲೆಯೇ ಓಡಿಸಿ, ಮೊಳೆಯನ್ನು ಕಲ್ಲಿಗಲ್ಲ, ಸಂದಿಗೆ ಹೊಡೆಯಿರಿ. ಶೌಚಾಲಯವನ್ನು ಹಳೆ ಗೋಡೆಗೆ ಆನಿಸದೆ ಹಿತ್ತಲಲ್ಲಿ ಬೇರೆಯಾಗಿಯೇ ಕಟ್ಟಿಸುವುದು ಒಳ್ಳೆಯದು.