ಪಿನ್ ಕಿತ್ತರೂ ಬಿಟ್ಟು ಹೋಗದ ಕಾಟಾ

"ಸರ, ಕಾಟಾ ಮತ್ತ ಸತ್ತೈತ್ರಿ."

ವಿಜಯಪುರದ ಹತ್ತಿರ, ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಿಂದ ವಾರಕ್ಕೆ ಎರಡು ಸಲವಾದರೂ ನನಗೆ ಈ ಫೋನು ಬರುತ್ತಿತ್ತು. ಮಣೂಕದ, ಅಂದರೆ ಒಣದ್ರಾಕ್ಷಿಯ ಸೀಸನ್. ಹೊರಗೆ ಬಾಕ್ಸ್ ಹೊತ್ತ ಟೆಂಪೋಗಳ ಸಾಲು. ಒಳಗೆ ಕಾಟಾದ, ಅಂದರೆ ತೂಕದ ಯಂತ್ರದ ಮೇಲೆ ಬಾಕ್ಸ್ ಕೂತಿದೆ, ಅದರ ಕೆಂಪು ಅಂಕಿ 15.20 ಎಂದು ಉರಿಯುತ್ತಿದೆ, ಪಕ್ಕದ ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. ಯುಎಸ್‌ಬಿ ಪಿನ್ ಕಿತ್ತು ಮತ್ತೆ ಹಾಕಿದರೂ ಸೊನ್ನೆಯೇ. ಇಡೀ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೆ ಎಲ್ಲ ನೆಟ್ಟಗೆ. ಅದಕ್ಕೆ ಐದು ನಿಮಿಷ ಬೇಕು, ಅಷ್ಟರಲ್ಲಿ ಟೆಂಪೋದವರ ಬೈಗುಳ ಶುರು.

ಕೊನೆಗೊಂದು ದಿನ ಲ್ಯಾಪ್‌ಟಾಪ್ ಹಿಡಿದು ನಾನೇ ಹೋಗಿ ಕೂತೆ. ಆ ಕಥೆ ಹೇಳುವ ಮೊದಲು ಒಂದು ಪ್ರಶ್ನೆ. ನಾವು ಪಿನ್ ಚುಚ್ಚಿದ್ದು ಕಂಪ್ಯೂಟರಿಗೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇನು ಕಣ್ಣಿದೆಯಾ?

ಇಲ್ಲ. ಇರುವುದು ಒಂದು ಹಗ್ಗಜಗ್ಗಾಟ. ಹಳೆಯ ಯುಎಸ್‌ಬಿಯಲ್ಲಿ ನಾಲ್ಕು ತಂತಿ. ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಕಂಪ್ಯೂಟರ್ ತನ್ನ ಕಡೆಯಿಂದ ಎರಡೂ ಡೇಟಾ ತಂತಿಗಳನ್ನು 15 ಕಿಲೋಓಮ್ ರೆಸಿಸ್ಟರ್ ಹಾಕಿ ಸೊನ್ನೆಯತ್ತ ಎಳೆದಿಟ್ಟಿರುತ್ತದೆ. ಚುಚ್ಚಿದ ಸಾಧನ ಅದರಲ್ಲಿ ಒಂದು ತಂತಿಯನ್ನು 1.5 ಕಿಲೋಓಮ್ ರೆಸಿಸ್ಟರ್ ಮೂಲಕ 3.3 ವೋಲ್ಟಿನತ್ತ ಎಳೆಯುತ್ತದೆ. ರೆಸಿಸ್ಟರ್ ಸಣ್ಣದಾದಷ್ಟೂ ಎಳೆತ ಜೋರು. ಸಾಧನದ ಕೈ ಹತ್ತು ಪಟ್ಟು ಗಟ್ಟಿ, ಹಾಗಾಗಿ ತಂತಿ ಸುಮಾರು 3 ವೋಲ್ಟಿಗೆ ಏರಿ ನಿಲ್ಲುತ್ತದೆ. ಡಿ-ಪ್ಲಸ್ ತಂತಿ ಏರಿದರೆ ಬಂದವನು ಸೆಕೆಂಡಿಗೆ ಕನಿಷ್ಠ 12 ಮೆಗಾಬಿಟ್ ವೇಗದವನು. ಡಿ-ಮೈನಸ್ ಏರಿದರೆ ಮೌಸ್, ಕೀಬೋರ್ಡಿನಂಥ 1.5 ಮೆಗಾಬಿಟ್ಟಿನ ನಿಧಾನದವನು. ಒಂದೂ ಮಾತಾಡದೆ ಇಷ್ಟು ತಿಳಿಯುತ್ತದೆ.

ಮನೆಯಲ್ಲಿ ಹಳೆಯ ಪೆನ್‌ಡ್ರೈವ್ ಇದ್ದರೆ ಅದರ ಬಾಯೊಳಗೆ ಸ್ವಲ್ಪ ನೋಡಿ. ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಆಚೆ ಈಚೆಯ ಎರಡು ಉದ್ದ, ನಡುವಿನ ಎರಡು ಗಿಡ್ಡ. ಉದ್ದದವು ಕರೆಂಟಿನವು. ಚುಚ್ಚುವಾಗ ಅವು ಮೊದಲು ತಾಗಬೇಕು, ಡೇಟಾ ಆಮೇಲೆ. ಕೀಳುವಾಗ ಡೇಟಾ ಮೊದಲು ಬಿಡಬೇಕು. ಒಂದು ಮಿಲಿಮೀಟರ್ ಆಸುಪಾಸಿನ ಈ ವ್ಯತ್ಯಾಸ ನನಗೆ ಯಾವತ್ತೂ ಇಷ್ಟ. ಸಾಫ್ಟ್‌ವೇರಿಗೆ ಬರಬಹುದಾದ ತಲೆನೋವನ್ನು ತಗಡಿನ ಅಳತೆಯಲ್ಲೇ ಮುಗಿಸಿದ್ದಾರೆ.

ಇಷ್ಟಾದರೂ ತಂತಿ ಏರಿದ ಕೂಡಲೇ ನಂಬುವ ಹಾಗಿಲ್ಲ. ನಮ್ಮ ಕೈ ಪಿನ್ನನ್ನು ಒಂದೇ ಏಟಿಗೆ ಕೂರಿಸುವುದಿಲ್ಲ. ತಾಗುತ್ತದೆ, ಜಾರುತ್ತದೆ, ಮತ್ತೆ ತಾಗುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹತ್ತಾರು ಸಲ ಬಂದು ಹೋದ ಹಾಗೆ. ಗೋಳಗುಮ್ಮಟ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದೆ ಅಂತಾರಲ್ಲ? ಕಣ್ಣು ಮುಚ್ಚಿ ಕೂತವನು ಎಷ್ಟು ಜನ ಚಪ್ಪಾಳೆ ಹೊಡೆದರು ಎಂದು ಹೇಳಬೇಕಾದರೆ, ಸದ್ದು ಅಡಗುವ ತನಕ ಸುಮ್ನೆ ಕಾಯಬೇಕು. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮಾಡುವುದೂ ಅದನ್ನೇ. 25 ಮಿಲಿಸೆಕೆಂಡಿಗೊಮ್ಮೆ ಪೋರ್ಟನ್ನು, ಅಂದರೆ ಪಿನ್ ಚುಚ್ಚುವ ಜಾಗವನ್ನು ನೋಡುತ್ತದೆ. 100 ಮಿಲಿಸೆಕೆಂಡ್ ಅಲುಗಾಡದೆ ನಿಂತರೆ ಮಾತ್ರ "ಬಂತು" ಎಂದು ಒಪ್ಪುತ್ತದೆ. ಎರಡು ಸೆಕೆಂಡಾದರೂ ಕುಣಿತ ನಿಲ್ಲದಿದ್ದರೆ ಕೈ ಬಿಡುತ್ತದೆ.

ಆಮೇಲಿನದು ಸರಸರ ಆಗುವ ಕೆಲಸ. ರೀಸೆಟ್ ಮಾಡಿ, 1ರಿಂದ 127ರೊಳಗೆ ಒಂದು ನಂಬರ್ ಕೊಟ್ಟು, "ನೀನ್ಯಾರು?" ಎಂದು ಕೇಳುತ್ತದೆ. ಸಾಧನ 18 ಬೈಟಿನ ಪರಿಚಯ ಪತ್ರ ಕಳಿಸುತ್ತದೆ. ಅದರಲ್ಲಿರುವ ಕಂಪನಿ ನಂಬರ್, ಮಾಡೆಲ್ ನಂಬರ್ ನೋಡಿ ಯಾವ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ಯಾವ ಪ್ರೋಗ್ರಾಂ ಕರೆಯಬೇಕೆಂದು ತೀರ್ಮಾನ.

ಇದೆಲ್ಲ ಯುಎಸ್‌ಬಿಯ ಭಾಗ್ಯ. ಪ್ರೊಜೆಕ್ಟರಿನ ಹಳೆಯ ವಿಜಿಎ ಕೇಬಲ್ಲಿನಲ್ಲಿ "ನಾನು ಬಂದೆ" ಎನ್ನಲು ಬೇರೆ ಪಿನ್ನೇ ಇರಲಿಲ್ಲ. ಅದಕ್ಕೆ ಲಿನಕ್ಸ್ 10 ಸೆಕೆಂಡಿಗೊಮ್ಮೆ ತಾನೇ ಇಣುಕಿ ನೋಡಬೇಕಾಗಿತ್ತು. ಎಚ್‌ಡಿಎಂಐ ಬಂದಾಗ 19ನೇ ಪಿನ್ನನ್ನು ಇದಕ್ಕೆಂದೇ ಎತ್ತಿಟ್ಟರು.

ಈಗ ಕಾಟಾಕ್ಕೆ ಬರೋಣ. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ದಿನಚರಿಯನ್ನು ಲಾಗ್‌ನಲ್ಲಿ ಬರೆಯುತ್ತಾ ಹೋಗುತ್ತದೆ. ಡಿಮೆಸ್ಗ್ ಎಂಬ ಆಜ್ಞೆ ಕೊಟ್ಟು ಅದನ್ನು ತೆರೆದಿಟ್ಟು ಕೂತೆ. ಎರಡು ಕಪ್ ಚಹಾ ಆಯಿತು, ಏನೂ ಇಲ್ಲ. ಅಷ್ಟರಲ್ಲಿ ಗೋಡೆಯಾಚೆ ಟಕ್ ಎಂದು ಮೋಟರಿನ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿತ್ತು, ದೊಡ್ಡ ಕಂಪ್ರೆಸರ್ ಗುಂಯ್ ಎಂದಿತು, ಪರದೆಯ ಮೇಲೆ ಒಂದು ಸಾಲು ಮೂಡಿತು. "ಡಿಸೇಬಲ್ಡ್ ಬೈ ಹಬ್, ಇಎಂಐ?" ಆ ಪ್ರಶ್ನಾರ್ಥಕ ಚಿಹ್ನೆ ನಾನು ಸೇರಿಸಿದ್ದಲ್ಲ, ಕರ್ನಲ್ಲಿನ ಸಂದೇಶದಲ್ಲೇ ಇದೆ. ಪೋರ್ಟ್‌ಗಳನ್ನು ನೋಡಿಕೊಳ್ಳುವ ಹಬ್ ಈ ಪೋರ್ಟನ್ನು ಮುಚ್ಚಿದೆ, ಇಎಂಐ, ಅಂದರೆ ವಿದ್ಯುತ್ ಗದ್ದಲ ಇರಬಹುದಾ ಎಂದು ಕರ್ನಲ್ಲಿಗೂ ಅನುಮಾನ. ಅದರ ಹಿಂದೆಯೇ ಇನ್ನೆರಡು ಸಾಲು. 7ನೇ ನಂಬರಿನ ಸಾಧನ ಹೋಯಿತು, 8ನೇ ನಂಬರಿನ ಹೊಸ ಸಾಧನ ಬಂತು. ಯಾರೂ ಪಿನ್ ಮುಟ್ಟಿರಲಿಲ್ಲ.

ಕೇಬಲ್ಲಿನ ಜಾಡು ಹಿಡಿದು ಹೊರಟೆ. ಕಾಟಾದ ಪಕ್ಕದಲ್ಲೇ ಅದರ ಹಳೆಯ ಸೀರಿಯಲ್ ಕೇಬಲ್ಲಿನ ಸಿಗ್ನಲ್ಲನ್ನು ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್ ಇತ್ತು. ಅಲ್ಲಿಂದ ಉದ್ದನೆಯ ಯುಎಸ್‌ಬಿ ಎಕ್ಸ್‌ಟೆನ್ಷನ್, ಕಂಪ್ರೆಸರಿನ ದಪ್ಪ ವೈರಿನ ಜತೆ ಒಂದೇ ಪೈಪಿನೊಳಗೆ. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟು ಪಕ್ಕದ ಸಣ್ಣ ತಂತಿಯನ್ನು ಅಲ್ಲಾಡಿಸದೆ ಬಿಡುತ್ತದಾ? ತಂತಿ ಎರಡೂವರೆ ಮೈಕ್ರೋಸೆಕೆಂಡ್ ಸೊನ್ನೆಗೆ ಬಿದ್ದರೂ ಸಾಕು, ಸಾಧನ ಹೋಯಿತೆಂದೇ ಯುಎಸ್‌ಬಿಯ ಲೆಕ್ಕ. ಬರುವಾಗ ಅಷ್ಟೊಂದು ತಾಳ್ಮೆ, ಹೋಗುವಾಗ ಕಣ್ಣು ಮಿಟುಕಿಸುವಷ್ಟೂ ಇಲ್ಲ.

ಆದರೆ ಕಾಟಾ ಮರುಕ್ಷಣವೇ ವಾಪಸ್ ಬಂದಿತ್ತಲ್ಲ? ಮತ್ತೆ ಯಾಕೆ ಸೊನ್ನೆ? ಇಲ್ಲಿಯೇ ನನ್ನ ಅರ್ಧ ದಿನ ಹೋಗಿದ್ದು. ಮೊದಲು ಕಾಟಾಕ್ಕೆ ಟಿಟಿವೈ-ಯುಎಸ್‌ಬಿ-0 ಎಂಬ ಹೆಸರಿತ್ತು. ವಾಪಸ್ ಬಂದಾಗ ಅದು ಟಿಟಿವೈ-ಯುಎಸ್‌ಬಿ-1 ಆಗಿತ್ತು. ಬಾಡಿಗೆದಾರ ಮನೆ ಬಿಟ್ಟು ಹೋಗಿದ್ದಾನೆ, ಬೀಗದ ಕೈ ಮಾತ್ರ ಇನ್ನೊಬ್ಬನ ಜೇಬಿನಲ್ಲಿದೆ. ಆ ಇನ್ನೊಬ್ಬ ಅಂದರೆ ತೂಕದ ಪ್ರೋಗ್ರಾಂ. ಲಿನಕ್ಸಿನಲ್ಲಿ ಇಂಥ ಸಾಧನವನ್ನೂ ಫೈಲಿನ ಹಾಗೆ ತೆರೆದು ಓದುವುದು, ಅದು ಹಳೆಯ ಫೈಲನ್ನು ಮುಚ್ಚಿರಲಿಲ್ಲ. ಮುಚ್ಚುವವರೆಗೆ ಕರ್ನಲ್ 0 ನಂಬರಿನ ಕೋಣೆ ಖಾಲಿ ಮಾಡುವ ಹಾಗಿಲ್ಲ, ಹಾಗಾಗಿ ಬಂದವನಿಗೆ ಪಕ್ಕದ ಕೋಣೆ. ಪ್ರೋಗ್ರಾಂ ಖಾಲಿ ಕೋಣೆಯ ಬಾಗಿಲು ಬಡಿಯುತ್ತಲೇ ಇತ್ತು. ಸಂಪರ್ಕ ಕಡಿದ ಇಂಥ ಫೈಲನ್ನು ಓದಿದರೆ ಸಿಗುವುದು ಸೊನ್ನೆ ಬೈಟು. "ಇದು ಮುಗಿಯಿತು" ಎಂದು ಅದರ ಅರ್ಥ. ಪ್ರೋಗ್ರಾಂ ಬರೆದ ಪುಣ್ಯಾತ್ಮ ಅದನ್ನು "ಇನ್ನೂ ತೂಕ ಬಂದಿಲ್ಲ" ಎಂದುಕೊಂಡಿದ್ದ.

ಕರ್ನಲ್ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಒಬ್ಬರು ಇನ್ನೂ ಬಳಸುತ್ತಿರುವಾಗಲೇ ಡ್ರೈವರ್ ಆ ಸಾಧನದ ಮೆಮೊರಿಯನ್ನು ಬಿಟ್ಟುಕೊಟ್ಟರೆ, ಆ ಜಾಗಕ್ಕೆ ಬೇರೆ ಏನೋ ಬಂದು ಕೂರುತ್ತದೆ. ಮುಂದಿನ ಓದಿಗೆ ಇಡೀ ಸಿಸ್ಟಮ್ಮೇ ಕುಸಿಯಬಹುದು. ಅದಕ್ಕೇ ಎಷ್ಟು ಜನ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಇಟ್ಟು, ಕೊನೆಯವನು ಬಿಟ್ಟ ಮೇಲೆಯೇ ಗುಡಿಸುವುದು. ಡ್ರೈವರ್‌ಗಳಲ್ಲಿ ಸಾಧನ ಬಂದಾಗಿನ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಕೆಲಸವೇ ಶುರುವಾಗುವುದಿಲ್ಲ. ಹೋಗುವಾಗಿನ ತಪ್ಪು ವರ್ಷಗಟ್ಟಲೆ ಅಡಗಿ ಕೂರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಕಂಪ್ರೆಸರ್ ಕಾಯಬೇಕಿರಲಿಲ್ಲ. ಲಿನಕ್ಸಿನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಆಥರೈಸ್ಡ್ ಎಂಬ ಪುಟ್ಟ ಫೈಲಿದೆ. ಅದರಲ್ಲಿ 0 ಬರೆದರೆ ಡ್ರೈವರಿನ ಪಾಲಿಗೆ ಪಿನ್ ಕಿತ್ತ ಹಾಗೆ, 1 ಬರೆದರೆ ಮತ್ತೆ ಚುಚ್ಚಿದ ಹಾಗೆ. ಕುರ್ಚಿಯಿಂದ ಏಳದೆ ಇಪ್ಪತ್ತು ಸಲ ಕಿತ್ತು ಹಾಕಿದೆ. ಇಪ್ಪತ್ತೂ ಸಲ ಅದೇ ಸೊನ್ನೆ.

ಕನ್ವರ್ಟರನ್ನು ಕಂಪ್ಯೂಟರಿನ ಪಕ್ಕಕ್ಕೆ ತಂದೆವು. ದೂರದ ದಾರಿಗೆ ಕಾಟಾದ ಹಳೆಯ ಸೀರಿಯಲ್ ಕೇಬಲ್ಲನ್ನೇ ಎಳೆದು ಬೇರೆ ಪೈಪಿಗೆ ಹಾಕಿದೆವು. ಅದರ ಸಿಗ್ನಲ್ ದೊಡ್ಡ ವೋಲ್ಟೇಜಿನದು, ಸಣ್ಣಪುಟ್ಟ ಗದ್ದಲಕ್ಕೆ ಜಗ್ಗುವುದಿಲ್ಲ. ಸೊನ್ನೆ ಬೈಟು ಬಂದರೆ ಫೈಲ್ ಮುಚ್ಚಿ ಹೊಸದಾಗಿ ಹುಡುಕುವಂತೆ ಪ್ರೋಗ್ರಾಂ ತಿದ್ದಿದೆ. ಹೆಸರು ಬದಲಾಗದ ಹಾಗೆ ಒಂದು ನಿಯಮವನ್ನೂ ಬರೆದೆ. ಅಗ್ಗದ ಕನ್ವರ್ಟರು, ಅದಕ್ಕೆ ಸೀರಿಯಲ್ ನಂಬರ್ ಇರಲಿಲ್ಲ. ಎರಡನೇ ಕಾಟಾಕ್ಕೂ ಅಂಥದೇ ಇನ್ನೊಂದು, ಅವಳಿ-ಜವಳಿ. ಗುರುತಿಸಲು ಉಳಿದದ್ದು ಪೋರ್ಟಿನ ಜಾಗ ಒಂದೇ. ಅಲ್ಲಿ ಕೆಂಪು ಟೇಪ್ ಅಂಟಿಸಿ "ಕಾಟಾ 1" ಎಂದು ಬರೆದು ಬಂದೆ.

ತಿಂಗಳಾದ ಮೇಲೆ ಫೋನು. "ಸರ, ಕಾಟಾ ಸತ್ತೈತ್ರಿ."

"ಕೆಂಪು ಟೇಪಿನ ಜಾಗದಾಗ ಐತೇನು?"

"ಅಲ್ಲೆ ನನ್ನ ಮೊಬೈಲ್ ಚಾರ್ಜಿಂಗಿಗೆ ಹಾಕೀನ್ರಿ."