ಓಪನ್ ರೇಟ್ ಎಷ್ಟಿದ್ದರೆ ಜಾಹೀರಾತು ಕೊಡಬಹುದು?

ಪ್ರಶ್ನೆ: ಸರ್, ಕಲಬುರಗಿಯಿಂದ ಆನ್‌ಲೈನ್‌ನಲ್ಲಿ ತೊಗರಿ ಬ್ಯಾಳಿ ಮಾರ್ತೀವ್ರಿ. ಇಮೇಲ್ ನ್ಯೂಸ್‌ಲೆಟರ್‌ನ್ಯಾಗ ಜಾಹೀರಾತು ಕೊಡಬೇಕಂತ ಮಾಡೀವಿ. ಒಬ್ಬರು 60 ಪರ್ಸೆಂಟ್ ಓಪನ್ ರೇಟ್ ಅಂತಾರ, ಇನ್ನೊಬ್ಬರು 35 ಅಂತಾರ. ಯಾವುದು ಛಲೋರಿ?

ಉತ್ತರ: ಬೀದರಿನಲ್ಲಿ ಬಿದ್ರಿ ಸಾಮಾನು ಮಾರುವವರೂ ಇದನ್ನೇ ಕೇಳುತ್ತಾರೆ, ಯಾದಗಿರಿಯವರೂ ಇದನ್ನೇ ಕೇಳುತ್ತಾರೆ. ನಾನು ಪ್ರತಿ ಸಲ ಹೇಳುವುದು ಒಂದೇ: ಓಪನ್ ರೇಟ್, ಅಂದರೆ ಮೇಲ್ ಹೋದ ನೂರು ಮಂದಿಯಲ್ಲಿ ಎಷ್ಟು ಮಂದಿ ಅದನ್ನು ತೆರೆದರು ಅನ್ನುವ ಲೆಕ್ಕ, ನೋಡಿ ದುಡ್ಡು ಕೊಡಬೇಡಿ. ಯಾಕೆ ಅಂತ ಈ ಸಲ ಪೂರ್ತಿ ಬರೆಯುತ್ತೇನೆ.

ಮೇಲ್ ತೆರೆದರು ಅಂತ ಕಳಿಸಿದವರಿಗೆ ಹೇಗೆ ಗೊತ್ತಾಗುತ್ತದೆ? ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರುತ್ತಾರೆ. ಅದು ಸರ್ವರ್‌ನಿಂದ ಲೋಡ್ ಆದರೆ ಒಂದು ಓಪನ್ ಅಂತ ಲೆಕ್ಕ. ಲೋಡ್ ಮಾಡಿಸಿದ್ದು ಮನುಷ್ಯರಾ, ಯಂತ್ರವಾ ಅನ್ನುವುದು ಆ ಲೆಕ್ಕದಲ್ಲಿ ಇರುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಸಾಫ್ಟ್‌ವೇರ್ ಐಒಎಸ್ 15 ಜೊತೆ ಆಪಲ್ 'ಮೇಲ್ ಪ್ರೈವಸಿ ಪ್ರೊಟೆಕ್ಷನ್' ತಂದಿತು. ಐಫೋನಿನ ಮೇಲ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿಕೊಂಡವರ ಮೇಲ್‌ಗಳಲ್ಲಿರುವ ಚಿತ್ರಗಳನ್ನು ಆಪಲ್ ತಾನೇ ಹಿಂದಿನಿಂದ ಲೋಡ್ ಮಾಡುತ್ತದೆ. ಮೇಲ್ ಮುಟ್ಟದೇ ಇದ್ದವರೂ 'ತೆರೆದವರು' ಆಗಿಬಿಡುತ್ತಾರೆ.

ಜಿಮೇಲ್‌ನಲ್ಲಿ ಕತೆ ಉಲ್ಟಾ. ಸುಮಾರು 102 ಕೆಬಿ ದಾಟಿದ ಮೇಲನ್ನು ಜಿಮೇಲ್ ಅಲ್ಲಿಗೇ ಕತ್ತರಿಸಿ, ಉಳಿದದ್ದು ಬೇಕಾದರೆ ಇಲ್ಲಿ ಒತ್ತಿ ಅನ್ನುತ್ತದೆ. ಎಣಿಸುವ ಚಿತ್ರ ಮೇಲ್‌ನ ತುದಿಯಲ್ಲಿದ್ದರೆ, ನಿಜವಾಗಿ ಓದಿದವರೂ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ತುದಿಯಲ್ಲಿ ಹಾಕಿದ ನಿಮ್ಮ ಜಾಹೀರಾತೂ ಕಾಣುವುದಿಲ್ಲ!

ಅಂದಮೇಲೆ ಐಫೋನ್ ಮಂದಿ ಜಾಸ್ತಿ ಇರುವ ಓದುಗರ ಪಟ್ಟಿಗೆ 60, ಆಂಡ್ರಾಯ್ಡ್ ಮಂದಿಯ ಪಟ್ಟಿಗೆ 35 ಬಂದರೆ ಆಶ್ಚರ್ಯವಿಲ್ಲ. 35ರವರ ಓದುಗರೇ ಗಟ್ಟಿ ಇರಬಹುದು. "ಆದ್ರೂ ಒಂದು ಅಂದಾಜು ಸಿಗುತ್ತೆ ಅಲ್ವಾ?" ಅಂತ ಮತ್ತೆ ಕೇಳುತ್ತಾರೆ. ಇಲ್ಲ. ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಕೆಲಸಕ್ಕೆ ಬಾರದು.

ಕೇಳಬೇಕಾದದ್ದು ಇದು: ಕಳೆದ ಮೂರ್ನಾಲ್ಕು ಸಂಚಿಕೆಗಳಲ್ಲಿ ಜಾಹೀರಾತಿನ ಲಿಂಕಿಗೆ ಎಷ್ಟು ಕ್ಲಿಕ್ ಬಂತು? ಸುದ್ದಿಯ ಲಿಂಕಿನದ್ದು ಬೇಡ, ಜಾಹೀರಾತಿನದ್ದೇ ಬೇಕು. ಕೆಲವು ಕಂಪನಿಗಳ ಸೆಕ್ಯುರಿಟಿ ಸಾಫ್ಟ್‌ವೇರ್ ತಾನೇ ಲಿಂಕ್ ತೆರೆದು ನೋಡುವುದರಿಂದ ಕ್ಲಿಕ್ಕಿನಲ್ಲೂ ಸ್ವಲ್ಪ ಹೊಟ್ಟು ಇರುತ್ತದೆ. ಅದಕ್ಕೇ ಪ್ರತಿ ನ್ಯೂಸ್‌ಲೆಟರ್‌ಗೂ ಬೇರೆ ಬೇರೆ ಕೂಪನ್ ಕೋಡ್ ಕೊಡಿ, ಯಾವುದರಿಂದ ಎಷ್ಟು ಆರ್ಡರ್ ಬಂತು ಅಂತ ಗೊತ್ತಾಗುತ್ತದೆ.

ಆಮೇಲೆ ಪೆನ್ನು ಹಿಡಿಯಿರಿ. ಜಾಹೀರಾತಿಗೆ 6,000 ರೂಪಾಯಿ, ಒಂದು ಆರ್ಡರಿಗೆ ನಿಮಗೆ ಉಳಿಯುವುದು 120 ರೂಪಾಯಿ ಅಂದುಕೊಳ್ಳಿ. ಹಾಕಿದ ದುಡ್ಡು ಬರಲು 50 ಆರ್ಡರ್ ಬೇಕು. ಕ್ಲಿಕ್ ಮಾಡಿದ ನೂರರಲ್ಲಿ ಇಬ್ಬರು ಕೊಂಡರೆ 2,500 ಕ್ಲಿಕ್ ಬೇಕು. ಹಿಂದಿನ ಜಾಹೀರಾತಿಗೆ 300 ಕ್ಲಿಕ್ ಬಂದಿದ್ದರೆ ಚೌಕಾಸಿ ಮಾಡಿ, ಇಲ್ಲ ಬಿಟ್ಟುಬಿಡಿ.

ದುಡ್ಡು ಕೊಡುವ ಮೊದಲು ಒಂದು ತಿಂಗಳು ಆ ನ್ಯೂಸ್‌ಲೆಟರ್ ತರಿಸಿಕೊಂಡು ಓದಿ. ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಚೀಲಕ್ಕೆ ಕೈ ಹಾಕಿ ಕಾಳು ನೋಡದೆ ಯಾರೂ ತೊಗರಿ ಕೊಳ್ಳುವುದಿಲ್ಲ, ಅಲ್ವಾ? ಹೋದ ತಿಂಗಳ ಜಾಹೀರಾತುದಾರರು ಈ ತಿಂಗಳೂ ಬಂದಿದ್ದಾರಾ ನೋಡಿ. ಬಂದಿದ್ದರೆ ಅವರಿಗೆ ಏನೋ ಗಿಟ್ಟಿದೆ. ಅಡುಗೆ ಬಗ್ಗೆ ಬರೆಯುವ ಸಣ್ಣ ನ್ಯೂಸ್‌ಲೆಟರ್ ನಿಮಗೆ ಸಾಕು. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಬಂದಿದೆ, ಅದನ್ನು ಮೊದಲ ಸಾಲಲ್ಲೇ ಹೇಳಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಾಹೀರಾತು ದುಬಾರಿ ಅಂತ ಇಮೇಲ್ ಪಟ್ಟಿ ಕೊಂಡು ತಾವೇ ಕಳಿಸುವವರಿದ್ದಾರೆ. ಖಂಡಿತ ಬೇಡ. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ಸ್ಪ್ಯಾಮ್ ದೂರು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಕೇಳದವರಿಗೆ ಕಳಿಸಿದರೆ ಅಷ್ಟು ದೂರು ಸಲೀಸಾಗಿ ಬರುತ್ತವೆ. ಆಗ ಅದೇ ಡೊಮೇನ್‌ನಿಂದ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ನಿಮ್ಮ ಗ್ರಾಹಕರಿಗೆ ಹೋಗುವ ಬಿಲ್ಲೂ ಸ್ಪ್ಯಾಮ್‌ಗೆ ಬೀಳಬಹುದು. ಅದರ ಬದಲು ಬೇಳೆ ಪ್ಯಾಕೆಟ್ಟಿನೊಳಗೆ ಒಂದು ಚೀಟಿ ಹಾಕಿ: "ಹೊಸ ಬೇಳೆ ಬಂದಾಗ ತಿಳಿಸಬೇಕಾ? ನಿಮ್ಮ ಇಮೇಲ್ ಕೊಡಿ." ಹಾಗೆ ಬಂದ ಇನ್ನೂರು ವಿಳಾಸಕ್ಕೆ ಜನವರಿಯಲ್ಲಿ, ಹೊಸ ತೊಗರಿ ಗಂಜಿಗೆ ಬಂದಾಗ, ಒಂದು ಮೇಲ್ ಕಳಿಸಿ ನೋಡಿ.